ವಜ್ರಕ್ಕೆ ಲೆಕ್ಕ ಸಿಕ್ಕಿತು, ಜನರಿಗೆ ಸಿಗಲಿಲ್ಲ: 1942ರ ಬ್ರೂಮ್ ವಿಮಾನ ದುರಂತಗಳು

ಎರಡನೇ ಮಹಾಯುದ್ಧ ಅಂದರೆ ನಮ್ಮ ಹುಡುಗರಿಗೆ ಹಿಟ್ಲರ್, ಹಿರೋಶಿಮಾ, ಹೆಚ್ಚೆಂದರೆ ಪರ್ಲ್ ಹಾರ್ಬರ್ ನೆನಪಾಗುತ್ತದೆ. ಬ್ರೂಮ್ ಎಂಬ ಊರಿನ ಹೆಸರು ಕೇಳಿದವರು ಕಡಿಮೆ. ಆಸ್ಟ್ರೇಲಿಯಾದ ವಾಯವ್ಯ ಮೂಲೆಯಲ್ಲಿ, ಹಿಂದೂ ಮಹಾಸಾಗರದ ದಡದಲ್ಲಿರುವ ಸಣ್ಣ ಪೇಟೆ ಅದು. 1942ರ ಮಾರ್ಚ್ 3ರ ಬೆಳಿಗ್ಗೆ ಒಂದೇ ಒಂದು ಗಂಟೆಯೊಳಗೆ ಅಲ್ಲಿ ಕನಿಷ್ಠ 22 ವಿಮಾನಗಳು ಸುಟ್ಟು, ಮುಳುಗಿ, ಉರುಳಿ ಹೋದವು. ಕನಿಷ್ಠ 88 ಜನ ಸತ್ತರು. ಅವರಲ್ಲಿ ಬಹಳ ಮಂದಿ ಸೈನಿಕರೇ ಅಲ್ಲ, ಜಾವಾ ದ್ವೀಪದಿಂದ ಜೀವ ಉಳಿಸಿಕೊಳ್ಳಲು ಓಡಿಬಂದ ಡಚ್ ಹೆಂಗಸರು ಮತ್ತು ಮಕ್ಕಳು.

"ಕನಿಷ್ಠ" ಎಂಬ ಪದ ಎರಡು ಸಲ ಬಂದದ್ದನ್ನು ಗಮನಿಸಿ. 80 ವರ್ಷ ದಾಟಿದರೂ ಈ ಘಟನೆ ಬಗ್ಗೆ ಬರೆಯುವವರೆಲ್ಲ ಸತ್ತವರ ಸಂಖ್ಯೆಯ ಮುಂದೆ ಆ ಪದ ಹಾಕಿಯೇ ಬರೆಯುತ್ತಾರೆ. ಅದೇ ದಿನ, ಅದೇ ಕರಾವಳಿಯಲ್ಲಿ ಬಿದ್ದ ಇನ್ನೊಂದು ವಿಮಾನದಲ್ಲಿದ್ದ ವಜ್ರದ ಪೊಟ್ಟಣಕ್ಕೆ ಮಾತ್ರ ಬ್ಯಾಂಕಿನವರು, ಪೊಲೀಸರು, ಸುಪ್ರೀಂ ಕೋರ್ಟು ಎಲ್ಲ ಸೇರಿ ಲೆಕ್ಕ ಹಾಕಿದರು. ಇಂಟರ್‌ನೆಟ್ಟಿನಲ್ಲಿ ಹುಡುಕಿದರೂ ಮೊದಲು ಸಿಗುವುದು ವಜ್ರದ ಕಥೆಯೇ. ಈ ಬರಹದಲ್ಲಿ ಎರಡೂ ಇದೆ, ಆದರೆ ಜನರಿಂದ ಶುರು ಮಾಡೋಣ.

ಮುತ್ತಿನ ಚಿಪ್ಪಿನ ಊರು

ಯುದ್ಧಕ್ಕೆ ಮೊದಲು ಬ್ರೂಮ್ ಬದುಕಿದ್ದು ಮುತ್ತಿನ ಚಿಪ್ಪಿನಿಂದ. ಮುತ್ತು ಸಿಕ್ಕಿದರೆ ಅದೃಷ್ಟ, ನಿಜವಾದ ವ್ಯಾಪಾರ ಚಿಪ್ಪಿನದ್ದು. ಆ ಕಾಲದಲ್ಲಿ ಅಂಗಿಯ ಗುಂಡಿಗಳನ್ನು ಅದರಿಂದಲೇ ಮಾಡುತ್ತಿದ್ದರು, ಪ್ಲಾಸ್ಟಿಕ್ ಗುಂಡಿ ಬಂದ ಮೇಲೆ ಆ ದಂಧೆ ಬಿದ್ದುಹೋಯಿತು. ಕಡಲ ತಳಕ್ಕೆ ಇಳಿದು ಚಿಪ್ಪು ತರುವ ಕೆಲಸಕ್ಕೆ ಜಪಾನಿಯರು, ಮಲಯದವರು, ಚೀನೀಯರು, ಫಿಲಿಪೀನ್ಸಿನವರು, ತಿಮೋರ್ ಕಡೆಯ ದ್ವೀಪಗಳವರು ಬರುತ್ತಿದ್ದರು. ಬ್ರೂಮಿನಲ್ಲಿ ಇವತ್ತಿಗೂ ಜಪಾನಿಯರ ದೊಡ್ಡ ಸ್ಮಶಾನ ಇದೆ, ಚೀನೀಯರದ್ದಿದೆ, ಮುಸ್ಲಿಮರ ಕಬರಸ್ತಾನವೂ ಇದೆ. ಮಲಯ ಮತ್ತು ಇಂಡೋನೇಷ್ಯಾ ಕಡೆಯಿಂದ ದುಡಿಯಲು ಬಂದವರು ಅಲ್ಲೇ ಮಣ್ಣಾದರು. ಗಲ್ಫಿಗೆ ಹೋಗಿ ಅಲ್ಲೇ ದಫನ ಆದ ನಮ್ಮವರ ಹಾಗೆ.

ತಿಮೋರಿನ ಕುಪಾಂಗ್ ಬಂದರಿನ ಮೂಲಕ ಬರುತ್ತಿದ್ದ ಕೂಲಿಯಾಳುಗಳಿಗೆ ಬ್ರೂಮಿನಲ್ಲಿ "ಕೋಪ್ಯಾಂಗರ್" ಅಂತಲೇ ಹೆಸರು. ಕುಪಾಂಗ್ ಎಂಬ ಹೆಸರನ್ನು ನೆನಪಿಟ್ಟುಕೊಳ್ಳಿ. ಬಾಂಧವ್ಯದ ದಾರಿಯಾಗಿದ್ದ ಅದೇ ಊರಿನಿಂದ ದಾಳಿಯ ವಿಮಾನಗಳೂ ಬಂದವು.

ಅಲ್ಲಿಯ ಕಡಲಿನ ಸ್ವಭಾವವನ್ನೂ ಹೇಳದಿದ್ದರೆ ಮುಂದಿನ ಕಥೆ ಅರ್ಥ ಆಗುವುದಿಲ್ಲ. ನಮ್ಮ ಮಂಗಳೂರು, ಮಂಜೇಶ್ವರ, ಕಾಸರಗೋಡಿನ ಕಡಲಲ್ಲಿ ಉಬ್ಬರಕ್ಕೂ ಇಳಿತಕ್ಕೂ ವ್ಯತ್ಯಾಸ ಸುಮಾರು ಒಂದೂವರೆ ಮೀಟರ್. ಬ್ರೂಮಿನಲ್ಲಿ ಅದು 10 ಮೀಟರ್ ಹತ್ತಿರ ಹೋಗುತ್ತದೆ! ಮೂರು ಮಾಳಿಗೆ ಎತ್ತರದ ನೀರು ಬಂದು, ಹೋಗುತ್ತದೆ ಮಾರಾಯ್ರೆ. ಇಳಿತದ ಹೊತ್ತಿಗೆ ರೋಬಕ್ ಕೊಲ್ಲಿಯಲ್ಲಿ ಕಿಲೋಮೀಟರ್‌ಗಟ್ಟಲೆ ಕೆಸರು ಬಯಲಾಗುತ್ತದೆ. ಹಾಗಾಗಿ ನೀರಿನ ಮೇಲೆ ಇಳಿಯುವ ವಿಮಾನಗಳು ದಡದಿಂದ ಬಹಳ ದೂರವೇ ಲಂಗರು ಹಾಕಬೇಕಿತ್ತು. ಜನ ಇಳಿಯಬೇಕಾದರೆ ದೋಣಿ ಬರಬೇಕು, ದೋಣಿಗೆ ನೀರು ಬೇಕು.

ನೀರಿನ ಮೇಲೆ ಇಳಿಯುವ ವಿಮಾನಗಳು

ಇವತ್ತಿನ ಹುಡುಗರು ಫ್ಲೈಯಿಂಗ್ ಬೋಟ್ ಎಂಬ ಪದ ಕೇಳಿರಲಿಕ್ಕಿಲ್ಲ. ಹೊಟ್ಟೆ ದೋಣಿಯ ಆಕಾರ, ಮೇಲೆ ರೆಕ್ಕೆ, ರೆಕ್ಕೆಯ ಮೇಲೆ ಎಂಜಿನ್. ರನ್‌ವೇ ಬೇಡ, ಶಾಂತವಾದ ನೀರಿದ್ದರೆ ಸಾಕು. 1930ರ ದಶಕದಲ್ಲಿ ದೊಡ್ಡ ರನ್‌ವೇಗಳು ಕಡಿಮೆ ಇದ್ದಾಗ ದೂರದ ಪ್ರಯಾಣಕ್ಕೆ ಇವೇ ರಾಜರು. ಬ್ರಿಟಿಷರ "ಎಂಪೈರ್" ಮಾದರಿಯ ಫ್ಲೈಯಿಂಗ್ ಬೋಟ್‌ಗಳು 1938ರಿಂದ ಇಂಗ್ಲೆಂಡಿನಿಂದ ಹೊರಟು ಕರಾಚಿ, ಅಲಹಾಬಾದ್, ಕಲ್ಕತ್ತಾ, ಸಿಂಗಾಪುರ ದಾಟಿ ಸಿಡ್ನಿವರೆಗೆ ಹೋಗುತ್ತಿದ್ದವು. ಕರಾಚಿಯಲ್ಲಿ ಸಮುದ್ರ, ಅಲಹಾಬಾದಿನಲ್ಲಿ ಯಮುನೆ, ಕಲ್ಕತ್ತಾದಲ್ಲಿ ಹೂಗ್ಲಿ, ಎಲ್ಲೆಲ್ಲಿ ನೀರಿದೆಯೋ ಅಲ್ಲಲ್ಲಿ ನಿಲ್ದಾಣ. ಸಿಂಗಾಪುರದಿಂದಾಚೆಗಿನ ದಾರಿ ಆಸ್ಟ್ರೇಲಿಯಾದ ಕ್ವಾಂಟಾಸ್ ಕಂಪೆನಿಯ ಕೈಯಲ್ಲಿತ್ತು.

ಯುದ್ಧ ಶುರುವಾದ ಮೇಲೆ ಇವುಗಳ ದೌರ್ಬಲ್ಯ ಗೊತ್ತಾಯಿತು. ದೊಡ್ಡ ಗಾತ್ರ, ಕಡಿಮೆ ವೇಗ. ಗಂಟೆಗೆ 500 ಕಿಲೋಮೀಟರ್ ಮೀರಿ ಹೋಗುವ ಜಪಾನಿನ ಜೀರೋ ಯುದ್ಧವಿಮಾನದ ಎದುರು ಎಂಪೈರ್ ವಿಮಾನ ಅಂದರೆ ಬೇಟೆನಾಯಿಯ ಮುಂದೆ ಗಬ್ಬದ ಹಸು. ನೀರಿನಲ್ಲಿ ಲಂಗರು ಹಾಕಿ ನಿಂತಿದ್ದರಂತೂ ಹೇಳುವುದೇ ಬೇಡ. ಪೆಟ್ರೋಲನ್ನು ಡ್ರಮ್ಮಿನಲ್ಲಿ ದೋಣಿಯ ಮೇಲೆ ತಂದು ತುಂಬಿಸಬೇಕು, ಒಂದು ವಿಮಾನಕ್ಕೆ ತುಂಬಿಸುವಾಗ ಉಳಿದವು ಕಾಯಬೇಕು. ಟ್ಯಾಂಕ್ ಒಡೆದರೆ ಪೆಟ್ರೋಲು ನೀರಿನ ಮೇಲೆ ಹರಡಿ ಉರಿಯುತ್ತದೆ. ಹಾರಿ ಈಜಿ ತಪ್ಪಿಸಿಕೊಳ್ಳೋಣ ಅಂದರೆ ಸುತ್ತಲೂ ಬೆಂಕಿ.

ಬ್ರೂಮಿಗೆ ಮೊದಲೇ ಎರಡು ನಾಗರಿಕ ವಿಮಾನಗಳು ಈ ದಾರಿಯಲ್ಲಿ ಹೋಗಿದ್ದವು. 1942ರ ಜನವರಿ 30ರಂದು ಕ್ವಾಂಟಾಸಿನ "ಕೋರಿಯೊ" ಕುಪಾಂಗ್ ಹತ್ತಿರ ಜೀರೋಗಳ ಗುಂಡಿಗೆ ಸಿಕ್ಕಿ ಕಡಲಿಗೆ ಬಿತ್ತು. ಜಾವಾದ ಸುರಬಾಯಾದಿಂದ ಹೆಂಗಸರು ಮಕ್ಕಳನ್ನು ಕರೆತರಲು ಹೊರಟಿದ್ದ ವಿಮಾನ ಅದು. ಒಳಗಿದ್ದ 18 ಜನರಲ್ಲಿ 13 ಜನ ಸತ್ತರು. ಕ್ಯಾಪ್ಟನ್ ಆಬ್ರಿ ಕೋಚ್ ಗಾಯಗೊಂಡೂ ಈಜಿ ದಡ ಸೇರಿದರು. ಈ ಮನುಷ್ಯನ ಆಯುಸ್ಸು ಗಟ್ಟಿ ಅಂದರೆ ಗಟ್ಟಿ: ಫೆಬ್ರವರಿ 19ರಂದು ಡಾರ್ವಿನ್ ಮೇಲೆ ಬಾಂಬ್ ಬಿದ್ದಾಗ ಅಲ್ಲಿಯ ಆಸ್ಪತ್ರೆಯಲ್ಲೇ ಮಲಗಿದ್ದರು, ಬದುಕಿದರು. 1943ರ ಏಪ್ರಿಲ್‌ನಲ್ಲಿ ನ್ಯೂಗಿನಿಯ ಪೋರ್ಟ್ ಮೋರ್ಸ್‌ಬಿ ಹತ್ತಿರ ಕೆಟ್ಟ ಹವೆಯಲ್ಲಿ ಇನ್ನೊಂದು ಎಂಪೈರ್ ವಿಮಾನ ಬಿದ್ದಾಗಲೂ ಅದರ ಕ್ಯಾಪ್ಟನ್ ಅವರೇ, ಆಗಲೂ ಬದುಕಿದರು.

ಎರಡನೆಯದು "ಸರ್ಸಿ". ಫೆಬ್ರವರಿ 28ರಂದು ಜಾವಾದ ದಕ್ಷಿಣ ತೀರದ ಚಿಲಾಚಾಪ್ ಬಂದರಿನಿಂದ ಬ್ರೂಮಿಗೆ ಹೊರಟದ್ದು, ತಲುಪಲೇ ಇಲ್ಲ. ಸಿಬ್ಬಂದಿ, ಪ್ರಯಾಣಿಕರು ಸೇರಿ 20 ಜನ. ಒಬ್ಬರೂ ಸಿಗಲಿಲ್ಲ.

ಜಾವಾದಿಂದ ಓಟ

ಫೆಬ್ರವರಿ 15ಕ್ಕೆ ಸಿಂಗಾಪುರ ಬಿತ್ತು. ತಿಂಗಳ ಕೊನೆಗೆ ತಿಮೋರ್ ಜಪಾನಿನ ಕೈಗೆ ಹೋಯಿತು. ಜಾವಾ ಸಮುದ್ರದ ಕದನದಲ್ಲಿ ಮಿತ್ರಪಡೆಯ ಹಡಗುಗಳು ಮುಳುಗಿದವು, ಮಾರ್ಚ್ 1ಕ್ಕೆ ಜಪಾನ್ ಸೈನ್ಯ ಜಾವಾದಲ್ಲೇ ಇಳಿಯಿತು. ಇಂಡೋನೇಷ್ಯಾವನ್ನು ಮುನ್ನೂರು ವರ್ಷ ಹಿಂಡಿದ ಡಚ್ಚರ ಆಳ್ವಿಕೆ ಕುಸಿಯುತ್ತಿದ್ದ ದಿನಗಳವು. ಡಚ್ ವಸಾಹತುಗಾರರ ಬಗ್ಗೆ ನಮಗೆ ಕನಿಕರ ಪಡಲು ಕಾರಣ ಕಡಿಮೆ ಇರಬಹುದು, ಅಲ್ಲಿಯ ಮುಸ್ಲಿಂ ರೈತರು ಅವರಿಂದ ಪಟ್ಟ ಪಾಡು ಸಣ್ಣದಲ್ಲ. ಆದರೆ ವಿಮಾನದೊಳಗೆ ಕೂತಿದ್ದ ಹಸುಗೂಸುಗಳಿಗೆ ಆ ಲೆಕ್ಕ ಹಚ್ಚುವುದು ಸರಿ ಅಂತ ನನಗೆ ಅನಿಸುವುದಿಲ್ಲ.

ಹೊರಗೆ ಹೋಗಲು ಉಳಿದ ದಾರಿ ಆಕಾಶ, ಹತ್ತಿರದ ಸುರಕ್ಷಿತ ನೆಲ ಬ್ರೂಮ್. ಸಿಕ್ಕಿದ ವಿಮಾನಗಳೆಲ್ಲ ಅತ್ತ ಕಡೆ ಹಾರಿದವು. ಡಚ್ ನೌಕಾಪಡೆಯ ಡಾರ್ನಿಯರ್ ಮತ್ತು ಕ್ಯಾಟಲೀನಾ ಫ್ಲೈಯಿಂಗ್ ಬೋಟ್‌ಗಳಲ್ಲಿ ಪೈಲಟ್‌ಗಳು ತಮ್ಮ ಹೆಂಡತಿ ಮಕ್ಕಳನ್ನು, ಸಹೋದ್ಯೋಗಿಗಳ ಕುಟುಂಬಗಳನ್ನು ಹತ್ತಿಸಿಕೊಂಡರು. ಯುದ್ಧವಿಮಾನದಲ್ಲಿ ಟಿಕೆಟ್ ಇರುವುದಿಲ್ಲ, ಸೀಟ್ ನಂಬರ್ ಇರುವುದಿಲ್ಲ. ಜಾಗ ಇದ್ದಷ್ಟು ಜನ. ಯಾರು ಯಾವ ವಿಮಾನ ಹತ್ತಿದರು ಎಂಬ ಪೂರ್ಣ ಪಟ್ಟಿ ಎಲ್ಲೂ ಉಳಿಯಲಿಲ್ಲ. "ಕನಿಷ್ಠ 88" ಎಂಬ ಮಾತಿನ ಮೂಲ ಇಲ್ಲಿದೆ.

ಮಾರ್ಚ್ 2ರ ಮಧ್ಯಾಹ್ನ ಜಪಾನಿನ ಒಂದು ವಿಮಾನ ಬ್ರೂಮ್ ಮೇಲೆ ಎತ್ತರದಲ್ಲಿ ಸುತ್ತಿ ನೋಡಿಕೊಂಡು ಹೋಯಿತು. ಕ್ವಾಂಟಾಸ್ ಪರವಾಗಿ ಅಲ್ಲಿ ಉಸ್ತುವಾರಿಗಿದ್ದ ಕ್ಯಾಪ್ಟನ್ ಲೆಸ್ಟರ್ ಬ್ರೈನ್ ಅವರಂಥವರಿಗೆ ಇದರ ಅರ್ಥ ತಿಳಿಯಿತು. ಊರಿನಲ್ಲಿ ವಿಮಾನ ಹೊಡೆಯುವ ಫಿರಂಗಿ ಇರಲಿಲ್ಲ, ಕಾಯಲು ಯುದ್ಧವಿಮಾನವೂ ಇರಲಿಲ್ಲ. ಆದರೂ ರಾತ್ರಿ ಪೂರ್ತಿ ಜಾವಾದಿಂದ ವಿಮಾನಗಳು ಬರುತ್ತಲೇ ಇದ್ದವು. ಬರಬೇಡಿ ಅಂತ ಯಾರು, ಯಾರಿಗೆ ಹೇಳುವುದು?

ಆ ಒಂದು ಗಂಟೆ

ಮಾರ್ಚ್ 3, ಮಂಗಳವಾರ. ಬೆಳಿಗ್ಗೆ ಒಂಬತ್ತೂವರೆ ಹೊತ್ತಿಗೆ ಕೊಲ್ಲಿಯಲ್ಲಿ ಫ್ಲೈಯಿಂಗ್ ಬೋಟ್‌ಗಳು ಸಾಲಾಗಿ ನಿಂತಿದ್ದವು. ರಾತ್ರಿಯಿಡೀ ಹಾರಿ ಬಂದ ಹೆಂಗಸರು ಮಕ್ಕಳು ಹಲವರು ಇನ್ನೂ ಅವುಗಳೊಳಗೇ ಇದ್ದರು. ಊರಿನಲ್ಲಿ ಅಷ್ಟು ಜನಕ್ಕೆ ಮಲಗಲು ಜಾಗ ಇರಲಿಲ್ಲ, ಪೆಟ್ರೋಲು ತುಂಬಿಸಿಕೊಂಡು ಮುಂದೆ ದಕ್ಷಿಣಕ್ಕೆ ಹೋಗುವುದು ಇದ್ದೇ ಇತ್ತು.

ಕುಪಾಂಗಿನಿಂದ ಸುಮಾರು 900 ಕಿಲೋಮೀಟರ್ ಕಡಲು ದಾಟಿ 9 ಜೀರೋಗಳು ಬಂದವು, ದಾರಿ ತೋರಿಸಲು ಜೊತೆಗೆ ಒಂದು ವಿಚಕ್ಷಣಾ ವಿಮಾನ. ನಾಯಕ ಲೆಫ್ಟಿನೆಂಟ್ ಜೆಂಜಿರೊ ಮಿಯಾನೊ. ಒಂದು ಎಂಜಿನ್ನಿನ ಸಣ್ಣ ವಿಮಾನ ಅಷ್ಟು ದೂರ ಬರಲಾರದು ಎಂಬ ನಂಬಿಕೆ ಆಗ ಹಲವರಿಗಿತ್ತು. ಹೊಟ್ಟೆಯಡಿ ಹೆಚ್ಚುವರಿ ಇಂಧನದ ಟ್ಯಾಂಕ್ ಕಟ್ಟಿಕೊಂಡು ಅವು ಬಂದೇಬಿಟ್ಟವು. ಬಾಂಬ್ ಒಂದೂ ತಂದಿರಲಿಲ್ಲ. ಮೆಷಿನ್‌ಗನ್ ಮತ್ತು ಸಣ್ಣ ಫಿರಂಗಿಯ ಗುಂಡುಗಳೇ ಸಾಕಾದವು.

ನೀರಿನ ಮೇಲಿದ್ದ 15 ಫ್ಲೈಯಿಂಗ್ ಬೋಟ್‌ಗಳು ಒಂದರ ಹಿಂದೆ ಒಂದು ಉರಿದವು. ಡಚ್ಚರ ಡಾರ್ನಿಯರ್‌ಗಳು, ಡಚ್, ಬ್ರಿಟಿಷ್ ಮತ್ತು ಅಮೆರಿಕನ್ ಕ್ಯಾಟಲೀನಾಗಳು, ಕ್ವಾಂಟಾಸಿನ ಎಂಪೈರ್ ವಿಮಾನ "ಕೊರಿನ್ನಾ", ಆಸ್ಟ್ರೇಲಿಯಾ ವಾಯುಪಡೆಗೆ ಕೊಟ್ಟಿದ್ದ ಅದೇ ಮಾದರಿಯ "ಸೆಂಟಾರಸ್". ಕೊರಿನ್ನಾ ಹತ್ತಬೇಕಿದ್ದ ಪ್ರಯಾಣಿಕರು ಇನ್ನೂ ಜೆಟ್ಟಿಯ ಮೇಲೆ ದೋಣಿಗೆ ಕಾಯುತ್ತಿದ್ದರು. ಅವರ ಕಣ್ಣೆದುರೇ ಅವರ ವಿಮಾನ ಉರಿಯಿತು. ದೋಣಿ ತಡವಾದದ್ದೇ ಅವರ ಜೀವ ಉಳಿಸಿತು.

ಊರಿನ ವಿಮಾನ ನಿಲ್ದಾಣದಲ್ಲಿದ್ದ ಬಾಂಬರ್‌ಗಳು, ಸಾಗಾಟದ ವಿಮಾನಗಳೂ ಉಳಿಯಲಿಲ್ಲ. ಅಲ್ಲಿಂದ ಗಾಯಾಳುಗಳನ್ನು ಹೊತ್ತು ಆಗಷ್ಟೇ ಮೇಲೇರಿದ್ದ ಅಮೆರಿಕದ ಲಿಬರೇಟರ್ ವಿಮಾನವನ್ನು ಕಡಲ ಮೇಲೆ ಹೊಡೆದುರುಳಿಸಿದರು. ಅದರಲ್ಲಿ 30ಕ್ಕೂ ಹೆಚ್ಚು ಜನ ಇದ್ದರು. ಸಾರ್ಜೆಂಟ್ ಮೆಲ್ವಿನ್ ಡೊನೊಹೊ ಒಬ್ಬರು ಸುಮಾರು ಒಂದೂವರೆ ದಿನ ಈಜಿ ದಡಕ್ಕೆ ಬಂದರು. ಬದುಕಿ ಉಳಿದದ್ದು ಅವರೊಬ್ಬರೇ. ಆ ದಿನದ ಅತಿ ದೊಡ್ಡ ಸಾವಿನ ಸಂಖ್ಯೆ ಈ ಒಂದು ವಿಮಾನದ್ದು, ಆದರೂ ಅದರ ಬಗ್ಗೆ ಮಾತಾಡುವವರು ಕಡಿಮೆ.

ಎದುರಿಸಿ ನಿಂತವರಲ್ಲಿ ಹೆಸರಾದದ್ದು ಡಚ್ ಪೈಲಟ್ ಗುಸ್ ವಿಂಕೆಲ್. ಆಗಷ್ಟೇ ತನ್ನ ವಿಮಾನದಿಂದ ಪ್ರಯಾಣಿಕರನ್ನು ಇಳಿಸಿದ್ದ ಈತ ವಿಮಾನದ ಮೆಷಿನ್‌ಗನ್ ಬಿಚ್ಚಿ ತಂದು, ಕಾಯ್ದ ನಳಿಗೆಯನ್ನು ಎಡಗೈ ಮೇಲೆ ಇಟ್ಟುಕೊಂಡೇ ಗುಂಡು ಹಾರಿಸಿದ. ಕೈ ಸುಟ್ಟುಹೋಯಿತು, ಒಂದು ಜೀರೋ ಬಿತ್ತು. ಇನ್ನೊಂದು ಜೀರೋ ಹಿಂತಿರುಗುವಾಗ ಇಂಧನ ಮುಗಿದು ಕಡಲಿಗಿಳಿಯಿತು. ಜಪಾನಿಗೆ ಆದ ನಷ್ಟ ಅಷ್ಟೇ.

ಆದರೆ ಉರಿಯುವ ನೀರಿನೊಳಗೆ ಹೋದವರ ಹೆಸರು ಮೊದಲು ಹೇಳಬೇಕು ಅಂತ ನನ್ನ ಅಭಿಪ್ರಾಯ. ಲೆಸ್ಟರ್ ಬ್ರೈನ್ ಮತ್ತು ಇನ್ನೊಬ್ಬ ಸಹೋದ್ಯೋಗಿ ಸಣ್ಣ ದೋಣಿಗೆ ಹುಟ್ಟು ಹಾಕಿ ಕೊಲ್ಲಿಗೆ ಇಳಿದು ನೀರಿನಲ್ಲಿ ಒದ್ದಾಡುತ್ತಿದ್ದವರನ್ನು ಎತ್ತಿ ತಂದರು. ಪೆಟ್ರೋಲು ಡ್ರಮ್ ತುಂಬಿಕೊಂಡಿದ್ದ "ನಿಕೋಲ್ ಬೇ" ಎಂಬ ದೋಣಿಯವರು ಕೂಡ ಜನರನ್ನು ಎತ್ತಿಕೊಂಡರು. ಒಂದು ಕಿಡಿ ತಾಗಿದ್ದರೆ ಅವರ ಮೂಳೆಯೂ ಸಿಗುತ್ತಿರಲಿಲ್ಲ. ಫ್ಲೈಯಿಂಗ್ ಬೋಟ್‌ಗಳಿಗೆ ಇಂಧನ ತುಂಬಿಸುವ ಕೆಲಸಕ್ಕಿದ್ದ ಚಾರ್ಲಿ ಡಿ'ಆಂಟ್ವಾನ್ ಎಂಬ ಮೂಲನಿವಾಸಿ ಯುವಕ ಬೆಂಕಿಯ ನಡುವೆ ಒಬ್ಬ ಹೆಂಗಸು ಮತ್ತು ಮಗುವನ್ನು ದಡ ಸೇರಿಸಿದ. ಡಚ್ ಸರಕಾರ ಮುಂದೆ ಆತನನ್ನು ಗೌರವಿಸಿತು. ಆಸ್ಟ್ರೇಲಿಯಾದಲ್ಲಿ ಆಗ ಮೂಲನಿವಾಸಿಗಳಿಗೆ ಸರಿಯಾದ ನಾಗರಿಕ ಹಕ್ಕುಗಳೂ ಇರಲಿಲ್ಲ ಎಂಬುದನ್ನು ಇದರ ಪಕ್ಕದಲ್ಲಿಟ್ಟು ಓದಿ.

80 ಕಿಲೋಮೀಟರ್ ಉತ್ತರಕ್ಕೆ

ಕೆಲಸ ಮುಗಿಸಿ ಹಿಂತಿರುಗುತ್ತಿದ್ದ ಜೀರೋಗಳ ಕಣ್ಣಿಗೆ ಬ್ರೂಮ್ ಕಡೆಗೆ ಬರುತ್ತಿದ್ದ ಒಂಟಿ ವಿಮಾನ ಬಿತ್ತು. ಡಚ್ ಈಸ್ಟ್ ಇಂಡೀಸಿನ ಕೆಎನ್‌ಐಎಲ್‌ಎಂ ಕಂಪೆನಿಯ ಡಿಸಿ-3, ನೋಂದಣಿ ಪಿಕೆ-ಎಎಫ್‌ವಿ. "ಪೆಲಿಕಾನ್" ಎಂಬ ಹೆಸರಿನಿಂದ ಪ್ರಸಿದ್ಧ. ಇದು ಅಪ್ಪಟ ನಾಗರಿಕ ವಿಮಾನ, ಬಂದೂಕು ಇಲ್ಲ. ಬೆಳಗಿನ ಜಾವ ಒಂದು ಗಂಟೆ ದಾಟಿದ ಮೇಲೆ ಜಾವಾದ ಬಾಂಡುಂಗಿನಿಂದ ಹೊರಟಿತ್ತು. 4 ಸಿಬ್ಬಂದಿ, 8 ಪ್ರಯಾಣಿಕರು. ಅವರಲ್ಲಿ ಒಬ್ಬರು ಮರಿಯಾ ವಾನ್ ಟೌನ್, ಮಡಿಲಲ್ಲಿ ಒಂದೂವರೆ ವರ್ಷದ ಮಗ ಯೋಹಾನ್ನೆಸ್.

ಚಾಲಕ ಇವಾನ್ ಸ್ಮಿರ್ನಾಫ್. ಮೊದಲ ಮಹಾಯುದ್ಧದಲ್ಲಿ ರಷ್ಯಾ ಪರವಾಗಿ ಹೋರಾಡಿ ಹೆಸರು ಮಾಡಿದ ಪೈಲಟ್, ಆಮೇಲೆ ಡಚ್ ಕಂಪೆನಿ ಸೇರಿದವರು. ಗುಂಡು ಬಿದ್ದು ಎಡ ಎಂಜಿನ್ ಹೊತ್ತಿಕೊಂಡಿತು. ಸ್ಮಿರ್ನಾಫ್ ಅವರ ಕೈಗಳಿಗೂ ಸೊಂಟಕ್ಕೂ ಗುಂಡು ತಗುಲಿತ್ತು. ಆದರೂ ವಿಮಾನವನ್ನು ಸುತ್ತುಸುತ್ತಾಗಿ ಕೆಳಗಿಳಿಸಿ, ಕಾರ್ನೊ ಕೊಲ್ಲಿಯ ಮರಳಿನ ಮೇಲೆ ಇಳಿಸಿ, ಮೂಗು ಅಲೆಯೊಳಗೆ ಹೋಗುವಂತೆ ಓಡಿಸಿದರು. ಎಂಜಿನ್ನಿನ ಬೆಂಕಿಯನ್ನು ಕಡಲೇ ಆರಿಸಿತು. ವಿಮಾನ ಓಡಿಸುವವರು ಇವತ್ತಿಗೂ ಆ ಇಳಿಸುವಿಕೆಯನ್ನು ಮೆಚ್ಚಿ ಮಾತಾಡುತ್ತಾರೆ.

ಇಳಿದ ಮೇಲೂ ಜೀರೋಗಳು ಬಿಡಲಿಲ್ಲ, ಮರಳ ಮೇಲೆ ಓಡುತ್ತಿದ್ದವರ ಮೇಲೆ ಗುಂಡು ಹಾರಿಸಿದವು. ಮರುದಿನ ಜಪಾನಿನ ಒಂದು ಫ್ಲೈಯಿಂಗ್ ಬೋಟ್ ಬಂದು ಬಾಂಬ್ ಕೂಡ ಹಾಕಿತು, ಅದೃಷ್ಟಕ್ಕೆ ಯಾರಿಗೂ ತಗುಲಲಿಲ್ಲ. ಸುಡುವ ಬಿಸಿಲು, ಕುಡಿಯುವ ನೀರು ಇಲ್ಲ. ಮರಿಯಾ, ಆಕೆಯ ಕೂಸು, ಮೆಕ್ಯಾನಿಕ್ ಬ್ಲಾವ್, ಹೆಂಡ್ರಿಕ್ಸ್ ಎಂಬ ಪ್ರಯಾಣಿಕ: ನೆರವು ಬಂದು ಊರು ಸೇರುವಷ್ಟರಲ್ಲಿ ನಾಲ್ವರು ಒಬ್ಬೊಬ್ಬರಾಗಿ ತೀರಿಕೊಂಡರು. ಉಳಿದವರೇ ಮರಳಲ್ಲಿ ಗುಂಡಿ ತೋಡಿದರು.

ಉಳಿದ 8 ಜನ ಬದುಕಿದ್ದು ಆ ನೆಲದ ಮೂಲನಿವಾಸಿಗಳಿಂದ. ವಿಮಾನ ಬಿದ್ದ ಸುದ್ದಿ ಅವರ ಮೂಲಕವೇ ಬೀಗಲ್ ಬೇ ಎಂಬಲ್ಲಿದ್ದ ಕ್ರೈಸ್ತ ಮಿಷನ್‌ಗೆ ಮುಟ್ಟಿತು. ಮಿಷನ್‌ನಿಂದ ಹೊರಟ ತಂಡಕ್ಕೆ ದಾರಿ ತೋರಿಸಿದವರೂ ಅವರೇ. ಅಲ್ಲಿಂದ ಎಲ್ಲರೂ ಕಾಡು ದಾರಿಯಲ್ಲಿ ನಡೆದು ಮಿಷನ್ ಸೇರಿದರು.

ಮೊಹರು ಹಾಕಿದ ಪೊಟ್ಟಣ

ಇನ್ನು ಎಲ್ಲರೂ ಕಾಯುವ ಭಾಗ. ಬಾಂಡುಂಗಿನಲ್ಲಿ ವಿಮಾನ ಹೊರಡುವ ಮೊದಲು ನಿಲ್ದಾಣದ ಅಧಿಕಾರಿ ಸ್ಮಿರ್ನಾಫ್ ಕೈಗೆ ಮೊಹರು ಹಾಕಿದ ಒಂದು ಪೊಟ್ಟಣ ಕೊಟ್ಟಿದ್ದರು. ಆಸ್ಟ್ರೇಲಿಯಾ ತಲುಪಿದಾಗ ಬ್ಯಾಂಕಿನವರು ಬಂದು ತಗೊಳ್ತಾರೆ ಅಂದರು, ಒಳಗೇನಿದೆ ಅಂತ ಹೇಳಲಿಲ್ಲ. ಸ್ಮಿರ್ನಾಫ್ ಕೇಳಲೂ ಇಲ್ಲ. (ಊರಿಗೆ ಹೋಗುವಾಗ "ಇದೊಂದು ಸಣ್ಣ ಪಾರ್ಸೆಲ್, ಮನೆಯವರು ಏರ್‌ಪೋರ್ಟಿಗೇ ಬರ್ತಾರೆ" ಅಂತ ಕೈಗೆ ತುರುಕುವವರನ್ನು ಗಲ್ಫಿನಲ್ಲಿರುವ ನಮ್ಮವರು ನೋಡದೆ ಇಲ್ಲ. ಒಳಗೇನಿದೆ ಅಂತ ಗೊತ್ತಿಲ್ಲದ ಕಟ್ಟು ಹೊತ್ತು ಜೈಲು ಸೇರಿದ ಹುಡುಗರೂ ಇದ್ದಾರೆ. ಬಿಚ್ಚಿ ತೋರಿಸದಿದ್ದರೆ ತಗೊಳ್ಳಲೇಬೇಡಿ.)

ಪೊಟ್ಟಣದೊಳಗೆ ಇದ್ದದ್ದು ವಜ್ರ. ಬಾಂಡುಂಗಿನ ಒಂದು ವಜ್ರ ವ್ಯಾಪಾರದ ಸಂಸ್ಥೆಗೆ ಸೇರಿದ್ದು. ಆಗಿನ ಬೆಲೆಯಲ್ಲಿ 1,50,000ದಿಂದ 3,00,000 ಪೌಂಡ್ ಅಂತ ಬೇರೆ ಬೇರೆ ಕಡೆ ಬರೆದಿದ್ದಾರೆ. ವಿಮಾನ ಬಿದ್ದ ಮೇಲೆ ಸ್ಮಿರ್ನಾಫ್ ಒಬ್ಬ ಪ್ರಯಾಣಿಕರನ್ನು ಒಳಗೆ ಕಳಿಸಿ ಟಪಾಲು, ದಾಖಲೆಗಳು ಮತ್ತು ಆ ಪೊಟ್ಟಣ ತರಲು ಹೇಳಿದರು. ಅವರು ಹೊರಗಿಳಿಯುವಾಗ ದೊಡ್ಡ ಅಲೆ ಹೊಡೆದು ಕೈಯಲ್ಲಿದ್ದದ್ದೆಲ್ಲ ನೀರುಪಾಲಾಯಿತು. ಸಾಯುತ್ತಿರುವವರ ನಡುವೆ ಪೊಟ್ಟಣ ಹುಡುಕಲು ಯಾರಿಗೆ ಮನಸ್ಸು ಬರುತ್ತದೆ? ಅದರಲ್ಲಿ ಏನಿತ್ತು ಅಂತ ಸ್ಮಿರ್ನಾಫ್‌ಗೆ ಗೊತ್ತಾದದ್ದು ಮುಂದೆ, ಮೆಲ್ಬೋರ್ನಿನಲ್ಲಿ ಪೊಲೀಸರೂ ಬ್ಯಾಂಕಿನವರೂ ಬಂದು ವಿಚಾರಿಸಿದಾಗ.

ಸ್ವಲ್ಪ ದಿನಗಳಲ್ಲೇ ಜ್ಯಾಕ್ ಪಾಮರ್ ಎಂಬಾತ ತನ್ನ ದೋಣಿಯಲ್ಲಿ ಆ ಕಡೆ ಬಂದ. ಕಡಲ ದಂಡೆಯಲ್ಲಿ ಸಿಕ್ಕಿದ್ದನ್ನು ಹೆಕ್ಕಿ ಬದುಕುವ ಮನುಷ್ಯ. ವಿಮಾನದ ಅವಶೇಷದಲ್ಲಿ ಅವನಿಗೆ ಪೊಟ್ಟಣ ಸಿಕ್ಕಿತು. ಏಪ್ರಿಲ್‌ನಲ್ಲಿ ಬ್ರೂಮಿನ ಸೇನಾ ಕಚೇರಿಗೆ ಬಂದು, ಸೈನ್ಯಕ್ಕೆ ಸೇರಬೇಕು ಅಂತ ಹೇಳಿ, ಮೇಜರ್ ಎದುರಿನ ಮೇಜಿನ ಮೇಲೆ ಉಪ್ಪು ಉದುರಿಸುವ ಡಬ್ಬಿಯಿಂದ ವಜ್ರಗಳನ್ನು ಸುರಿದ! ಇಷ್ಟೇ ಸಿಕ್ಕಿದ್ದು, ಉಳಿದದ್ದು ನೀರಲ್ಲಿ ಹೋಯಿತು ಎಂದ.

ಯಾರೂ ನಂಬಲಿಲ್ಲ. ತನಿಖೆ ನಡೆದು ಪಾಮರ್ ಮತ್ತು ಆತನ ಇಬ್ಬರು ಸ್ನೇಹಿತರ ಮೇಲೆ ಕೇಸು ಬಿತ್ತು. 1943ರ ಮೇ ತಿಂಗಳಲ್ಲಿ ಪರ್ತ್‌ನ ಸುಪ್ರೀಂ ಕೋರ್ಟಿನಲ್ಲಿ ಮುಖ್ಯ ನ್ಯಾಯಮೂರ್ತಿಯೇ ವಿಚಾರಣೆ ನಡೆಸಿದರು. (ಆಸ್ಟ್ರೇಲಿಯಾದಲ್ಲಿ ರಾಜ್ಯದ ಉನ್ನತ ಕೋರ್ಟಿಗೆ ಸುಪ್ರೀಂ ಕೋರ್ಟ್ ಅನ್ನುತ್ತಾರೆ, ನಮ್ಮ ಹೈಕೋರ್ಟಿನ ಹಾಗೆ.) ಮೂವರೂ ಖುಲಾಸೆ. ಒಟ್ಟು ಮರಳಿ ಸಿಕ್ಕಿದ್ದು ಸುಮಾರು 20,000 ಪೌಂಡ್ ಬೆಲೆಯ ವಜ್ರ ಮಾತ್ರ. ಕೆಲವು ಒಬ್ಬ ಚೀನೀ ವ್ಯಾಪಾರಿಯ ಹತ್ತಿರ, ಕೆಲವು ಮೂಲನಿವಾಸಿಗಳ ಕೈಯಲ್ಲಿ, ಕೆಲವು ಮರದ ಕವಲಿನಲ್ಲಿ, ಕೆಲವು ರೈಲು ಡಬ್ಬಿಯಲ್ಲಿ ಬಿಟ್ಟುಹೋದ ಬೆಂಕಿಪೊಟ್ಟಣದಲ್ಲಿ ಸಿಕ್ಕವಂತೆ. ಪಾಮರ್ 1958ರಲ್ಲಿ ತೀರಿಕೊಂಡ. ಉಳಿದ ವಜ್ರದ ಬಗ್ಗೆ ಬ್ರೂಮಿನಲ್ಲಿ ಕಥೆಗಳಿಗೇನೂ ಬರ ಇಲ್ಲ.

ಬಿ.ಕಾಂ. ಓದುವಾಗ ಬಿಸಿನೆಸ್ ಲಾ ಪಾಠದಲ್ಲಿ ಬಿದ್ದು ಸಿಕ್ಕ ವಸ್ತುವಿನ ಬಗ್ಗೆ ಒಂದು ಸಣ್ಣ ಭಾಗ ಇತ್ತು. ನಮ್ಮ 1872ರ ಕರಾರು ಕಾಯಿದೆಯ ಪ್ರಕಾರ, ಸಿಕ್ಕಿದ್ದನ್ನು ತನ್ನ ವಶಕ್ಕೆ ತೆಗೆದುಕೊಂಡವನ ಹೊಣೆ ಬೇರೆಯವರ ಮಾಲನ್ನು ಇಟ್ಟುಕೊಂಡವನ ಹೊಣೆಯಷ್ಟೇ. ಮದರಸದಲ್ಲಿ ಕಲಿತವರಿಗೆ ಲುಖತ ಎಂಬ ಪದ ನೆನಪಿರಬಹುದು: ಬೆಲೆಬಾಳುವ ವಸ್ತು ಸಿಕ್ಕಿದರೆ ಅದರ ಚೀಲ, ಕಟ್ಟಿದ ದಾರ ಹೇಗಿತ್ತೆಂದು ಗುರುತಿಟ್ಟುಕೊಳ್ಳಬೇಕು, ಒಂದು ವರ್ಷ ಸಾರಬೇಕು, ಮಾಲಕ ಬಂದು ಗುರುತು ಹೇಳಿದರೆ ಕೊಡಬೇಕು. ಎರಡೂ ಕಡೆ ಮೂಲ ವಿಚಾರ ಒಂದೇ, ಸಿಕ್ಕಿದ್ದು ಅಮಾನತ್. ಕಾರ್ನೊ ಕೊಲ್ಲಿಯ ವಜ್ರಕ್ಕೆ ಚೀಲ, ಮೊಹರು, ಮಾಲಕ, ಬೆಲೆ ಎಲ್ಲ ಇತ್ತು. ಆದ್ದರಿಂದಲೇ ಕಡಲಲ್ಲಿ ಕಳೆದುಹೋದರೂ ಅದರ ಕಡತ ಕಳೆದುಹೋಗಲಿಲ್ಲ.

ಹೆಸರಿಲ್ಲದ ಗೋರಿಗಳು

ರೋಬಕ್ ಕೊಲ್ಲಿಯಲ್ಲಿ ಸತ್ತವರಿಗೆ ಆ ಕಡತ ಇರಲಿಲ್ಲ. ಸುಟ್ಟ ದೇಹಗಳು, ನೀರು ಎಳೆದುಕೊಂಡು ಹೋದ ದೇಹಗಳು. ಗುರುತಿಸಬೇಕಾದ ಮನೆಯವರು ಜಾವಾದಲ್ಲಿ ಜಪಾನಿನ ಸೆರೆಯಲ್ಲಿದ್ದರು, ಇಲ್ಲವೇ ಅದೇ ವಿಮಾನದಲ್ಲಿ ಸತ್ತಿದ್ದರು. ಸಿಕ್ಕಿದವರನ್ನು ಬ್ರೂಮಿನಲ್ಲೇ ಮಣ್ಣು ಮಾಡಿದರು. ದಾಳಿಯ ನಂತರ ಊರಿನ ಹೆಚ್ಚಿನ ಜನ ದಕ್ಷಿಣಕ್ಕೆ ಹೊರಟುಹೋದರು, ಕೇಳಿ ಬರೆದಿಡುವವರೂ ಉಳಿಯಲಿಲ್ಲ. 1950ರಲ್ಲಿ ಡಚ್ಚರ ಅವಶೇಷಗಳನ್ನು ಪರ್ತ್ ನಗರದ ಕರಾಕಟ್ಟ ಸ್ಮಶಾನಕ್ಕೆ ಸಾಗಿಸಿ ಅಲ್ಲಿ ಪ್ರತ್ಯೇಕ ಜಾಗ ಮಾಡಿದರು.

ಪಟ್ಟಿಯ ಬೆಲೆ ನಮ್ಮ ಭಾಗದವರಿಗೆ ವಿವರಿಸಿ ಹೇಳಬೇಕಾಗಿಲ್ಲ. 2010ರ ಮೇ 22ರಂದು ದುಬೈಯಿಂದ ಬಂದ ವಿಮಾನ ಬಜ್ಪೆಯಲ್ಲಿ ಬಿದ್ದಾಗ 158 ಜನ ತೀರಿಕೊಂಡರು, ಬದುಕಿದ್ದು 8 ಜನ. ಕಾಸರಗೋಡು, ದಕ್ಷಿಣ ಕನ್ನಡದ ಎಷ್ಟೋ ಮನೆಗಳಿಗೆ ಮಯ್ಯಿತ್ ಬಂತು. ಅಲ್ಲಿ ಪ್ರತಿ ಸೀಟಿಗೂ ಹೆಸರಿತ್ತು, ಪಾಸ್‌ಪೋರ್ಟ್ ಇತ್ತು, ಡಿಎನ್‌ಎ ಪರೀಕ್ಷೆ ಇತ್ತು. ಅಷ್ಟಿದ್ದೂ 12 ದೇಹಗಳ ಗುರುತು ಹತ್ತದೆ ಒಟ್ಟಿಗೆ ಮಣ್ಣು ಮಾಡಬೇಕಾಯಿತು. ಆದರೂ ಯಾರೆಲ್ಲ ಹೋದರು ಅಂತ ನಮಗೆ ಗೊತ್ತು. ಒಂದೊಂದು ಹೆಸರೂ ಗೊತ್ತು. ಬ್ರೂಮಿನಲ್ಲಿ ಅದೂ ಇಲ್ಲ.

ಆ ಪಟ್ಟಿ ಮಾಡುವ ಕೆಲಸವನ್ನು ತಡವಾಗಿ ಕೆಲವರು ಕೈಗೆತ್ತಿಕೊಂಡರು. ಪುರಾತತ್ವಜ್ಞ ಸಿಲ್ವಾನೊ ಯುಂಗ್ ವರ್ಷಗಟ್ಟಲೆ ಕೊಲ್ಲಿಯ ಕೆಸರಿನಲ್ಲಿ ಅಡ್ಡಾಡಿ ಯಾವ ಅವಶೇಷ ಯಾವ ವಿಮಾನದ್ದು ಎಂದು ಗುರುತು ಹಚ್ಚಿದರು. ವಿಮಾನ ಯಾವುದು ಅಂತ ಗೊತ್ತಾದರೆ ಅದರ ಸಿಬ್ಬಂದಿ ಯಾರು, ಅವರ ಜೊತೆ ಯಾರ ಕುಟುಂಬ ಬಂದಿತ್ತು ಅಂತ ಹಿಂದಕ್ಕೆ ಹುಡುಕಬಹುದು. ಇತಿಹಾಸಕಾರ ಟಾಮ್ ಲೂಯಿಸ್ ಮತ್ತಿತರರು ಹಳೆಯ ಲೆಕ್ಕಗಳನ್ನು ಮತ್ತೆ ಪರೀಕ್ಷಿಸಿದ್ದಾರೆ. ಬ್ರೂಮ್ ಮೂಲಕ 8,000 ನಿರಾಶ್ರಿತರು ಹೋದರು ಎಂಬ, ಎಲ್ಲರೂ ನಕಲು ಮಾಡುತ್ತ ಬಂದ ಸಂಖ್ಯೆ ಅತಿಯಾಯಿತು ಅಂತ ತೋರಿಸಿದವರು ಅವರು. ಅಂದರೆ ಒಂದು ಕಡೆ ಬದುಕಿ ಹೋದವರ ಸಂಖ್ಯೆ ಉಬ್ಬಿತ್ತು, ಇನ್ನೊಂದು ಕಡೆ ಸತ್ತವರ ಸಂಖ್ಯೆ ಕುಗ್ಗಿತ್ತು.

ಬ್ರೂಮ್ ಮೇಲೆ ಆಮೇಲೂ ದಾಳಿಗಳಾದವು. ಮಾರ್ಚ್ 20ರ ದಾಳಿಯಲ್ಲಿ ಒಬ್ಬ ನಾಗರಿಕ ಸತ್ತ. ಆದರೆ ಮಾರ್ಚ್ 3ರಂಥದ್ದು ಮತ್ತೆ ಆಗಲಿಲ್ಲ. ಹೊಡೆಯಲು ಅಷ್ಟು ವಿಮಾನ ಅಲ್ಲಿ ಮತ್ತೆ ನಿಲ್ಲಲಿಲ್ಲ ಎಂಬುದೂ ಒಂದು ಕಾರಣ. ಮಾರ್ಚ್ 8ಕ್ಕೆ ಜಾವಾ ಶರಣಾಯಿತು.

ಪರ್ತ್ ಕಡೆ ಓದಲು, ಕೆಲಸಕ್ಕೆ ಹೋಗಿರುವ ನಮ್ಮ ಹುಡುಗರು ಈಗ ಇದ್ದಾರೆ. ಬ್ರೂಮ್ ಅಲ್ಲಿಂದ 2,000 ಕಿಲೋಮೀಟರ್‌ಗೂ ಹೆಚ್ಚು, ಹೋಗುವುದಿದ್ದರೆ ಉಬ್ಬರ ಇಳಿತದ ಪಟ್ಟಿ ನೋಡಿಕೊಂಡೇ ಹೋಗಬೇಕು. ಅಮಾವಾಸ್ಯೆ ಹುಣ್ಣಿಮೆ ಆಸುಪಾಸಿನ ಅತಿ ದೊಡ್ಡ ಇಳಿತದ ಕೆಲವು ದಿನಗಳಲ್ಲಿ ಮಾತ್ರ ನೀರು ಸಾಕಷ್ಟು ಹಿಂದೆ ಸರಿದು ಫ್ಲೈಯಿಂಗ್ ಬೋಟ್‌ಗಳ ಅವಶೇಷ ಹೊರಗೆ ಬರುತ್ತದೆ. ಟೌನ್ ಬೀಚಿನಿಂದ ಮೊಣಕಾಲಿನವರೆಗಿನ ಕೆಸರಿನಲ್ಲಿ ಒಂದು ಕಿಲೋಮೀಟರಿಗೂ ಹೆಚ್ಚು ನಡೆಯಬೇಕು. ತುಕ್ಕು ಹಿಡಿದ ಎಂಜಿನ್‌ಗಳು, ಬಾಗಿದ ರೆಕ್ಕೆಯ ತುಂಡುಗಳು, ಅವುಗಳ ಮೇಲೆ ಚಿಪ್ಪು, ಪಾಚಿ ಬೆಳೆದಿದೆ. ಇನ್ನೂ ಕೆಲವು ಆಳದಲ್ಲಿ ಇರುವುದರಿಂದ ಯಾವ ಇಳಿತಕ್ಕೂ ಕಾಣುವುದಿಲ್ಲ. ಕಾನೂನಿನ ರಕ್ಷಣೆ ಇರುವ ಜಾಗ, ಒಂದು ಸ್ಕ್ರೂ ಕೂಡ ಎತ್ತಿಕೊಂಡು ಬರುವಂತಿಲ್ಲ. ನೋಡಲು ಸಿಗುವುದು ಒಂದು ಗಂಟೆಗಿಂತ ಹೆಚ್ಚಿಲ್ಲ. ಆಮೇಲೆ ನೀರು ಹಿಂದಿನಿಂದಲೂ ಬರಲು ಶುರುವಾಗುತ್ತದೆ, ಅಷ್ಟರೊಳಗೆ ದಡ ಸೇರಿರಬೇಕು.